ಗ್ರಂಥಪಾಲಕನ ಕುರ್ಚಿ



ಮುಂಬಯಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ವರ್ಗೀಕರಣದ ಒಳಹೊರಗನ್ನು ನನಗೆ ಕಲಿಸಿದವರು ಸೇವೆಯಲ್ಲಿ ನನಗಿಂತ ಹಿರಿಯರಾದ ಮಹಿಳೆಯೊಬ್ಬರು. ಗ್ರಂಥಪಾಲಕರ ಹುದ್ದೆ ತೆರವಾದಾಗ ಆಯ್ಕೆ ಸಮಿತಿಯು ಅವರನ್ನು ಕೇಳಿದ್ದು, ಸಂಜೆಯ ಪಾಳಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು. ಹೊರಬಂದು ಅವರೇ ನಕ್ಕು ಹೇಳಿದರು. ನನಗೂ ಇಬ್ಬರು ಮಕ್ಕಳಿದ್ದರು. ನನ್ನನ್ನು ಕೇಳಿದ್ದು ಮಾತ್ರ ರಂಗನಾಥನ್ ಅವರ ಕೋಲನ್ ವರ್ಗೀಕರಣದ ಬಗೆಗೆ. ಅದೂ ಆಕೆಯೇ ಕಲಿಸಿಕೊಟ್ಟದ್ದು! ಹುದ್ದೆ ನನ್ನದಾಯಿತು. ಬೇಡವೆನ್ನಲು ನನಗೆ ತೋಚಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಶುಶ್ರೂಷೆ, ಗ್ರಂಥಾಲಯ, ಪ್ರಾಥಮಿಕ ಶಿಕ್ಷಣ, ಸಮಾಜಕಾರ್ಯ ಎಂಬ ನಾಲ್ಕು ವೃತ್ತಿಗಳ ಗಂಡಸರನ್ನು ಕುರಿತು ಬರೆದರು. ಹೆಂಗಸರೇ ಹೆಚ್ಚಾಗಿರುವ ಈ ವೃತ್ತಿಗಳಲ್ಲಿ ಗಂಡಸನ್ನು ಕಾಣದ ಗಾಜಿನ ಎಸ್ಕಲೇಟರೊಂದು ಮೇಲಕ್ಕೊಯ್ಯುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ಈ ವೃತ್ತಿ ಹೆಂಗಸರದೇ ಆಗಿರಲಿಲ್ಲ, ನಿಜ. ಆದರೂ ಅದನ್ನು ಓದಿದಂದು ನನಗೆ ಆ ಸಂದರ್ಶನ ನೆನಪಾಯಿತು.

ಓದುಗರ ವೇಳೆಯನ್ನು ಉಳಿಸಬೇಕೆಂಬುದು ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ನಿಯಮಗಳಲ್ಲೊಂದು. ನಮ್ಮಲ್ಲಿ ಅದನ್ನು ಉಳಿಸಿದ್ದು ಆಕೆ ಬರೆದ ಸೂಚೀಪತ್ರಗಳು. ವಾರ್ಷಿಕ ವರದಿಯ ಸಹಿ ನನ್ನದು. ಆಕೆಯ ಬೀಳ್ಕೊಡುಗೆಯಲ್ಲಿ ದೀರ್ಘವಾಗಿಯೇ ಭಾಷಣ ಮಾಡಿದೆ. ಈ ಮಾತನ್ನು ಅಂದು ಆಡಲಿಲ್ಲ.