ನಮೂನೆಯಲ್ಲಿ ಇಲ್ಲದ ಅಂಕಣ

ನಾನು ಬೆಳೆದದ್ದು ಬೈಲಹೊಂಗಲದ ಒಂದು ಓಣಿಯಲ್ಲಿ. ಯಾರನ್ನಾದರೂ ‘ಧಾರವಾಡಕ್ಕೆ ಕರಕೊಂಡು ಹೋದರು’ ಎಂದು ಹಿರಿಯರು ದನಿ ತಗ್ಗಿಸಿ ಹೇಳಿದರೆ, ಅದು ಕಾಲೇಜಿಗಲ್ಲ, ಮಾನಸಿಕ ಆಸ್ಪತ್ರೆಗೆ ಎಂದು ಮಕ್ಕಳಿಗೂ ತಿಳಿಯುತ್ತಿತ್ತು. 1845ರಲ್ಲಿ ಆರಂಭವಾದ ಆ ಆಸ್ಪತ್ರೆ ಇಂದು ‘ಡಿಮ್ಹಾನ್ಸ್’ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಗಿದೆ. ಇಂಥ ಆಸ್ಪತ್ರೆಗಳ ಹೆಸರು ಬದಲಾದಂತೆ ಅಲ್ಲಿಯ ಕಾಗದಪತ್ರಗಳೂ ಬದಲಾಗಿವೆ. ನಾನಿಂದು ಹೇಳಹೊರಟದ್ದು ಆ ಕಾಗದಗಳ ಸಂಗತಿ.

1968ರಲ್ಲಿ ನನಗೆ ಹತ್ತು ವರ್ಷ. ರಾಮದುರ್ಗಕ್ಕೆ ಕೊಟ್ಟಿದ್ದ ನನ್ನ ಸೋದರತ್ತೆ ಗಂಡನನ್ನು ಕಳೆದುಕೊಂಡು, ಕೈಗೂಸಿನೊಡನೆ ತವರಿಗೆ ಬಂದವರು ಮಾತನ್ನೇ ಬಿಟ್ಟಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಎರಡು ಸಲ ಕರೆದೊಯ್ದದ್ದೂ ಆಯಿತು. ಕಡೆಗೆ ಅಜ್ಜ ನ್ಯಾಯಾಲಯದ ಅಂಗಳದಲ್ಲಿ ಅರ್ಜಿ ಬರೆಯುವವರ ಮುಂದೆ ಕುಳಿತರು. ಅವರು ಒಂದೊಂದೇ ಪ್ರಶ್ನೆ ಓದಿದರು: ವಯಸ್ಸೆಷ್ಟು? ಇದು ಮೊದಲನೆಯ ಸಲವೇ? ಮೂರ್ಛೆರೋಗವುಂಟೆ? ಪ್ರಾಣ ಕಳೆದುಕೊಳ್ಳುವ ಪ್ರವೃತ್ತಿಯುಂಟೆ? ಇತರರಿಗೆ ಅಪಾಯವುಂಟೆ? ಮನೆತನದಲ್ಲಿ ಮತ್ತಾರಿಗಾದರೂ ಇತ್ತೆ? ಅಜ್ಜ ಉತ್ತರಿಸುತ್ತ ಹೋದರು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಅತ್ತೆ ತಿಂಗಳುಗಳ ಮೌನ ಮುರಿದು, “ನನ್ನ ಕೂಸಿನ್ನ ಯಾರು ನೋಡ್ತಾರ್ರಿ?” ಎಂದರು. ಬರೆಯುವವರು ಲೇಖನಿ ಎತ್ತಿ ಕ್ಷಣಕಾಲ ತಡೆದರು. ಆ ಮಾತನ್ನು ಬರೆಯಲು ಅಂಕಣವಿರಲಿಲ್ಲ. ಅವರು ಮುಂದಿನ ಪ್ರಶ್ನೆಗೆ ಹೋದರು.

ದೊಡ್ಡವನಾದ ಮೇಲೆ ಆ ನಮೂನೆಯ ಮೂಲವನ್ನು 1912ರ ಇಂಡಿಯನ್ ಲೂನಸಿ ಆಕ್ಟ್‌ನಲ್ಲಿ ಓದಿದೆ. ಅರ್ಜಿಯೊಡನೆ ಇಬ್ಬರು ವೈದ್ಯರ ಪ್ರಮಾಣಪತ್ರಗಳು ಬೇಕಾಗಿದ್ದವು. ಪ್ರಮಾಣಪತ್ರದಲ್ಲಿ ಎರಡು ಭಾಗ: ವೈದ್ಯನು ತಾನೇ ಕಂಡದ್ದು, ಇತರರು ಅವನಿಗೆ ತಿಳಿಸಿದ್ದು. ಆ ದಾಖಲೆ ಮುಖ್ಯವಾಗಿ ಮ್ಯಾಜಿಸ್ಟ್ರೇಟರನ್ನು ಉದ್ದೇಶಿಸಿತ್ತು. ಒಬ್ಬರನ್ನು ಒಳಗಿಡಬಹುದೇ ಎಂಬುದೇ ಅದರ ಪ್ರಶ್ನೆ. ಅವರಿಗೆ ಏನಾಗುತ್ತಿದೆ ಎಂಬುದಲ್ಲ.

ಬದಲಾವಣೆ ಮೆಲ್ಲಗೆ ಬಂದಿತು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧವನ್ನು ಮನೋರೋಗಕ್ಕೆ ಬಳಸತೊಡಗಿದ ಮೇಲೆ, ಜಗತ್ತಿನ ಬೇರೆಡೆಗಳಲ್ಲಿಯೂ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವವರು ಹೆಚ್ಚಿದರು. ಕಾವಲಿನ ಕಾಗದ ಚಿಕಿತ್ಸೆಯ ಕಾಗದವಾಯಿತು. ಮನೆಯವರು ಹೇಳಿದ್ದನ್ನು ಬೇರೆ, ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬೇರೆ ಬರೆದುಕೊಳ್ಳುವ ಪದ್ಧತಿ ವೈದ್ಯರ ಶಿಕ್ಷಣದಲ್ಲಿ ನೆಲೆಗೊಂಡಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಗೆ ಬಂದು ಹಳೆಯ ಕಾನೂನನ್ನು ತೆರವು ಮಾಡಿತು. 2017ರ ಕಾಯ್ದೆ ಇನ್ನೂ ಮುಂದೆ ಹೋಗಿ, ತನ್ನ ಮೂಲ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕನ್ನು ರೋಗಿಗೆ ಕೊಟ್ಟಿತು. ಅದರ ಗೋಪ್ಯವನ್ನೂ ಕಾಪಾಡಿತು. ಮುಂದೆ ಕಾಯಿಲೆ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದಕ್ಕೂ ಅವಕಾಶವಾಯಿತು. ಮ್ಯಾಜಿಸ್ಟ್ರೇಟರಿಗಾಗಿ ಹುಟ್ಟಿದ ಕಾಗದದ ಮೇಲೆ ರೋಗಿಗೂ ಅಧಿಕಾರ ಬರಲು ನೂರು ವರ್ಷ ಬೇಕಾದವು.

ಆದರೆ ಕಾನೂನು ಅಂಕಣವನ್ನು ಕೊಡಬಲ್ಲದು. ಅದನ್ನು ತುಂಬುವವರು ನಾವು. ವೈದ್ಯರು ರೋಗಿಯನ್ನು ಕೇಳಿದ ಪ್ರಶ್ನೆಗೆ ಇಂದಿಗೂ ಜೊತೆಗೆ ಬಂದವರೇ ಉತ್ತರ ಕೊಟ್ಟುಬಿಡುತ್ತೇವೆ. ಪ್ರೀತಿಯಿಂದಲೇ ಕೊಡುತ್ತೇವೆ, ನಮ್ಮಜ್ಜನೂ ಹಾಗೆಯೇ ಕೊಟ್ಟರು.

ಮರುವಾರ ಕಿತ್ತೂರಿನ ಮೇಲಿನ ಬಸ್ಸಿನಲ್ಲಿ ಹೋದ ಅತ್ತೆ, ಎರಡು ವರ್ಷಗಳ ತರುವಾಯ ಗುಣವಾಗಿ ಮರಳಿದರು. ಮಗ ಅವರನ್ನು ಗುರುತಿಸದೆ ನನ್ನ ತಾಯಿಯ ಸೆರಗಿನ ಹಿಂದೆ ಅಡಗಿದ. ಅಂದು ಅವರು ಕೇಳಿದ್ದು ಹುಚ್ಚಿನ ಪ್ರಶ್ನೆಯಾಗಿರಲಿಲ್ಲ. ಆ ಕಾಗದದಲ್ಲಿ ಬರೆಯಲೇಬೇಕಾಗಿದ್ದ ಮಾತು ಅದೊಂದೇ ಎಂದು ಈಗ ನನಗೆ ತೋರುತ್ತದೆ.