ಮುಖ ನೋಡಿ ಬೆಲೆ

(ಸನತ್‌ನಗರದಲ್ಲಿ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

‘ಆನ್‌ಲೈನ್ ಸುರಕ್ಷತೆ’ ಬಗ್ಗೆ ಮಾತಾಡು ಅಂತ ಅಧ್ಯಕ್ಷರು ಹೇಳಿದ್ದಾರೆ. ಒಟಿಪಿ ಯಾರಿಗೂ ಹೇಳಬೇಡಿ ಅನ್ನೋದನ್ನ ನೀವು ಸಾವಿರ ಸಲ ಕೇಳಿದ್ದೀರಿ. ಅದಕ್ಕೇ ನಾನು ಇವತ್ತು ತೊಗರಿಬೇಳೆ ಬಗ್ಗೆ ಮಾತಾಡ್ತೀನಿ.

ಹೋದ ತಿಂಗಳು ಕಲಬುರಗಿಯಿಂದ ಅತ್ತೆ ಬಂದಿದ್ದರು. ಅವರ ಫೋನಿಗೂ ದಿನಸಿ ತರಿಸೋ ಆ್ಯಪ್ ಹಾಕಿಕೊಟ್ಟೆ. ಒಂದು ಸಂಜೆ ಸೋಫಾ ಮೇಲೆ ಅಕ್ಕಪಕ್ಕ ಕೂತು ನೋಡ್ತೀವಿ, ಅದೇ ಆ್ಯಪ್, ಅದೇ ವಿಳಾಸ, ಅದೇ ಒಂದು ಕೆಜಿ ಬೇಳೆ ಪ್ಯಾಕೆಟ್. ನನಗೆ 178 ರೂಪಾಯಿ. ಅವರಿಗೆ ‘ನಿಮಗಾಗಿ ಮಾತ್ರ’ ಅನ್ನೋ ಕೂಪನ್ ಕಳೆದು 149.

ಅತ್ತೆ ಕೇಳಿದ್ದು ಹೀಗೆ: “ವಾರಕ್ಕ ಮೂರು ಸಲ ತರಸಾಕಿ ನೀನು. ನಿನಗ್ಯಾಕ ಜಾಸ್ತಿ? ನಮ್ಮ ಕಿರಾಣಿ ಅಂಗಡ್ಯಾಂವ ಖಾಯಂ ಗಿರಾಕಿಗೆ ಕಮ್ಮಿ ಮಾಡ್ತಾನಲ್ಲ?”

ಆಮೇಲೆ ಗೊತ್ತಾಯಿತು, ಅವರು ಎರಡು ದಿನದ ಹಿಂದೆಯೇ ಆ ಬೇಳೆಯನ್ನ ಕಾರ್ಟಿಗೆ ಹಾಕಿದ್ದರು. ದುಡ್ಡು ಕಟ್ಟೋದು ತಿಳಿಯದೆ ಹಾಗೇ ಬಿಟ್ಟಿದ್ದರು. ಯಂತ್ರಕ್ಕೆ ಅದು ಹಿಂಜರಿಕೆಯಾಗಿ ಕಂಡಿರಬೇಕು. ತಮಗೇ ಗೊತ್ತಿಲ್ಲದೆ ಅತ್ತೆ ಚೌಕಾಸಿ ಮಾಡಿಬಿಟ್ಟಿದ್ದರು!

ಈ 29 ರೂಪಾಯಿಗೆ ಅದೇ ಕಾರಣ ಅಂತ ನಾನು ಆಣೆ ಮಾಡಲಾರೆ. ದಾಸ್ತಾನು, ಸಮಯ, ಹೊಸ ಗಿರಾಕಿಯ ಆಫರ್ ಎಲ್ಲ ಸೇರಿರಬಹುದು. ಆದರೆ ಇಂಥ ಪ್ರೋಗ್ರಾಂ ಬರೆಯೋ ಟೀಮಿನಲ್ಲಿ, ಬೇರೊಂದು ಕಂಪನಿಗಾಗಿ, ನಾನೇ ಎರಡು ವರ್ಷ ಕೆಲಸ ಮಾಡಿದ್ದೇನೆ. ಕೂಪನ್ ಯಾರಿಗೆ ಕಳಿಸಬೇಕು ಅನ್ನೋ ಲೆಕ್ಕ ಅದು. ಕೂಪನ್ ಕೊಟ್ಟರೆ ಮಾತ್ರ ಕೊಳ್ಳೋರು ಒಂದು ಗುಂಪು, ಕೊಟ್ಟರೂ ಕೊಳ್ಳದವರು ಇನ್ನೊಂದು, ಕೊಡದಿದ್ದರೂ ಹೇಗೂ ಕೊಳ್ಳೋರು ಮೂರನೆಯದು. ಮೊದಲ ಗುಂಪಿಗೆ ಕೂಪನ್ ಹೋಗುತ್ತೆ. ಮೂರನೆಯವರಿಗೆ ಕೊಟ್ಟರೆ ಕಂಪನಿಗೆ ದಂಡ. ನೀವು ಎಷ್ಟು ಬೇಗ ಕೊಳ್ತೀರಿ, ಬೇರೆ ಬ್ರ್ಯಾಂಡಿನ ಬೆಲೆ ನೋಡ್ತೀರೋ ಇಲ್ಲವೋ, ಯಾವ ಹೊತ್ತಿಗೆ ತೆರೀತೀರಿ, ಫೋನ್ ಯಾವುದು, ಪಿನ್‌ಕೋಡ್ ಯಾವುದು, ಇಂಥದ್ದನ್ನೆಲ್ಲ ಸೇರಿಸಿ ಗುಂಪು ಮಾಡ್ತಾರೆ. ನಮ್ಮ ಲೆಕ್ಕ ಚೆನ್ನಾಗಿ ಹೊಂದಿತು ಅಂತ ಟೀಮಿಗೆ ಬಹುಮಾನವೂ ಬಂತು. ಆ ಮೂರನೇ ಗುಂಪಿನಲ್ಲಿ ಯಾರಿದ್ದಾರೆ ಅಂತ ನಾನು ಒಂದು ದಿನವೂ ಯೋಚಿಸಲಿಲ್ಲ.

ಯಾರಿರ್ತಾರೆ ಹೇಳಿ? ರಾತ್ರಿ ಹತ್ತು ಗಂಟೆಗೆ “ಅಮ್ಮಾ, ನಾಳೆ ಸ್ಕೂಲಿಗೆ ಚಾರ್ಟ್ ಪೇಪರ್ ಬೇಕು” ಅಂತ ಮಗ ಅಂದಾಗ ಬೆಲೆ ನೋಡದೆ ಒತ್ತೋರು. ನಾವೇ.

ನಮ್ಮಲ್ಲಿ ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುತ್ತಲ್ಲ, ಅದನ್ನು ಮೀರಿ ಮಾರೋ ಹಾಗಿಲ್ಲ. ಹಾಗಾಗಿ ಈ ಆಟ ನಡೆಯೋದು ಅದರ ಕೆಳಗೆ, ರಿಯಾಯಿತಿಯಲ್ಲಿ, ಡೆಲಿವರಿ ಚಾರ್ಜಿನಲ್ಲಿ. ಟ್ಯಾಕ್ಸಿಗೆ, ವಿಮಾನಕ್ಕೆ, ಹೋಟೆಲ್ ರೂಮಿಗೆ ಅಂಥ ಎಂಆರ್‌ಪಿ ಇಲ್ಲ. ಒಂದೇ ದಾರಿಗೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡಿನಲ್ಲಿ ಒಂದು ದರ ಅನ್ನೋ ದೂರು ಬಂದು, ಜನವರಿ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್‌ಗೆ ನೋಟಿಸ್ ಕೊಟ್ಟಿತ್ತು. ತಿಳಿಸಿದವರು ನಮ್ಮ ಧಾರವಾಡದ ಸಂಸದರೇ ಆದ ಸಚಿವ ಪ್ರಲ್ಹಾದ ಜೋಶಿ. ಫೋನ್ ನೋಡಿ ದರ ಹಾಕೋದಿಲ್ಲ ಅಂತ ಎರಡೂ ಕಂಪನಿಗಳು ಹೇಳಿದವು.

2020ರ ಇ-ಕಾಮರ್ಸ್ ನಿಯಮಗಳಲ್ಲಿ, ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದು ಅಂತ ಇದೆ. ಆದರೆ ನಾನೂ ಅತ್ತೆಯೂ ಒಂದೇ ವರ್ಗವೇ? ವಕೀಲರು ಇದ್ದರೆ ಆಮೇಲೆ ಹೇಳಿ. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 2025ರಿಂದ ಒಂದು ಕಾನೂನು ಜಾರಿಯಲ್ಲಿದೆ. ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಅಲ್ಗಾರಿದಮ್ ಬೆಲೆ ಹಾಕಿದ್ದರೆ, ಹಾಗಂತ ಬೆಲೆಯ ಪಕ್ಕದಲ್ಲೇ ಬರೀಬೇಕು. ನನಗೆ ಬೇಕಾದದ್ದೂ ಅಷ್ಟೇ. ಎರ್ರಗಡ್ಡ ರೈತು ಬಜಾರಿನಲ್ಲಿ ಟೊಮೆಟೊ ದರ ಬೋರ್ಡಿನ ಮೇಲೆ ಇರುತ್ತೆ, ನನಗೂ ಪಕ್ಕದವಳಿಗೂ ಅದೇ ಬೋರ್ಡು. ಚೌಕಾಸಿ ಮಾಡೋ ಅಂಗಡಿಯಲ್ಲೂ ಅವನು ನನ್ನ ಮುಖ ನೋಡಿದರೆ ನಾನೂ ಅವನ ಮುಖ ನೋಡ್ತೀನಿ. ಆ್ಯಪಿನಲ್ಲಿ ಮಣೆ ಹಾಕೋರ ಮುಖವೇ ಕಾಣಲ್ಲ.

ನಾನು ಈಗ ಮಾಡೋದು ಇಷ್ಟು. ಅವಸರ ಇಲ್ಲದ್ದನ್ನ ಕಾರ್ಟಿನಲ್ಲೇ ಒಂದು ದಿನ ಬಿಡ್ತೀನಿ, ಅತ್ತೆಯ ಹಾಗೆ. ಅನುಮಾನ ಬಂದರೆ ಮನೆಯ ಇನ್ನೊಂದು ಫೋನಿನಲ್ಲಿ ನೋಡ್ತೀನಿ. ವ್ಯತ್ಯಾಸ ಕಂಡರೆ ಎರಡರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ತೀನಿ. ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915 ಇದೆ, ಬರೆದುಕೊಳ್ಳಿ.

ಸರಿ, ಈಗ ಎಲ್ಲರೂ ಫೋನ್ ತೆಗೀರಿ. ನಿಮ್ಮ ನಿಮ್ಮ ಆ್ಯಪಿನಲ್ಲಿ ಒಂದು ಕೆಜಿ ತೊಗರಿಬೇಳೆ ಹುಡುಕಿ. ಬ್ರ್ಯಾಂಡ್ ಒಂದೇ ಇರಲಿ. ಐದು ನಿಮಿಷ ಬಿಟ್ಟು ಒಬ್ಬೊಬ್ಬರಾಗಿ ಬೆಲೆ ಕೂಗಿ, ನಾನು ಬೋರ್ಡಿನ ಮೇಲೆ ಬರೀತೀನಿ.