ಹೈದರಾಲಿ ಎಂಬ ಹಡಗು, ಬ್ಲೇಡನ್ಸ್‌ಬರ್ಗ್ ಎಂಬ ಊರು



ಅಮೆರಿಕದ ಚರಿತ್ರೆಯಲ್ಲಿ ಮರೆಗೆ ಸರಿದ ಪ್ರಸಂಗಗಳ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಆಶಯ ಭಾಷಣದವರು ಎಲ್ಲವನ್ನೂ ಮುಟ್ಟಿ, ಯಾವುದನ್ನೂ ಹಿಡಿಯದೆ ಇಳಿದುಹೋಗುವ ರೂಢಿಯಿದೆ. ನಾನು ಜೋಶುವಾ ಬಾರ್ನಿ ಎಂಬ ಒಬ್ಬನೇ ನಾವಿಕನ ಬೆನ್ನು ಹತ್ತುತ್ತೇನೆ.

1782ರ ಏಪ್ರಿಲ್ 8, ಡೆಲವೇರ್ ಕೊಲ್ಲಿ. ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣಾಗಿ ಆರು ತಿಂಗಳಾಗುತ್ತ ಬಂದಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಸ್ವಾತಂತ್ರ್ಯಯುದ್ಧ ಅಲ್ಲಿಗೇ ಮುಗಿಯುತ್ತದೆ. ನೀರಿನ ಮೇಲೆ ಮುಗಿದಿರಲಿಲ್ಲ. ಫಿಲಡೆಲ್ಫಿಯದ ವ್ಯಾಪಾರಿಗಳ ಹಡಗುಗಳನ್ನು ಕಾಯಲು ಪೆನ್ಸಿಲ್ವೇನಿಯ ಒಂದು ಸರಕು ಹಡಗಿಗೆ ತೋಪು ಕೂರಿಸಿ, ಇಪ್ಪತ್ತೆರಡು ವರ್ಷದ ಬಾರ್ನಿಗೆ ಒಪ್ಪಿಸಿತ್ತು. ಹಡಗಿನ ಹೆಸರು ಹೈದರಾಲಿ. ಹೌದು, ನಮ್ಮ ಹೈದರಾಲಿಯೇ. ಆಗಿನ್ನೂ ಬದುಕಿದ್ದ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ.

ಎದುರಿಗೆ ಬಂದ ಬ್ರಿಟಿಷ್ ಹಡಗು ಜನರಲ್ ಮಂಕ್; ಅದರ ತೋಪುಗಳು ಇದರವಕ್ಕಿಂತ ದೊಡ್ಡವು. ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದನಂತೆ: ನಾನು ಏನು ಕೂಗುತ್ತೇನೋ ಅದಕ್ಕೆ ತಿರುವುಮುರುವಾಗಿ ತಿರುಗಿಸು. ಕೂಗು ಕೇಳಿಸಿಕೊಂಡ ಶತ್ರು ಅದನ್ನೇ ನಂಬಿ ಹಡಗು ತಿರುಗಿಸಿ, ಹೈದರಾಲಿಯ ಹಗ್ಗಗಳಿಗೆ ಸಿಕ್ಕಿಬಿದ್ದ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಬಾರ್ನಿಯ ಜೀವನಚರಿತ್ರೆಯನ್ನು 1832ರಲ್ಲಿ ಹೊರತಂದವಳು ಅವನ ಸೊಸೆ, ಆದ್ದರಿಂದ ಕತೆಗೆ ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು. ಹಡಗು ಸೆರೆಯಾದದ್ದು ಮಾತ್ರ ನಿಜ.

ಮೈಸೂರಿನವರು ಇದನ್ನು ಕೇಳಿ ಉಬ್ಬಬೇಕಾಗಿಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಬಡಿದವನು ಎಂಬಷ್ಟೇ ಹೈದರನ ಆಕರ್ಷಣೆ. ವೈರಿಯ ವೈರಿಯ ಹೆಸರನ್ನು ಹಡಗಿಗಿಡಲು ಅವನ ರಾಜ್ಯ ಎಲ್ಲಿದೆಯೆಂದು ತಿಳಿದಿರಬೇಕಾಗಿಲ್ಲ. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಮಕ್ಕಳನ್ನು ಒತ್ತೆ ಪಡೆದದ್ದು ನಿಮಗೆ ಗೊತ್ತೇ ಇದೆ. ನನಗೆ ಅದಕ್ಕಿಂತ ಕುತೂಹಲ ಇನ್ನೊಂದರ ಮೇಲೆ.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ಬಾಣಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರ ಸೇರಿದವು. ಅವುಗಳ ಜಾಡಿನಲ್ಲೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. ಮುಂದೆ ಬ್ರಿಟನ್ನಿಗೂ ಅಮೆರಿಕಕ್ಕೂ ಮತ್ತೆ ಯುದ್ಧ ಹತ್ತಿಕೊಂಡಾಗ, 1814ರ ಆಗಸ್ಟ್ 24ರಂದು ವಾಷಿಂಗ್ಟನ್ನಿನ ಪಕ್ಕದ ಬ್ಲೇಡನ್ಸ್‌ಬರ್ಗ್‌ನಲ್ಲಿ ಆ ರಾಕೆಟ್‌ಗಳು ಅಮೆರಿಕನ್ನರ ತಲೆಯ ಮೇಲೆ ಸುಯ್ಯೆಂದು ಹಾರಿದವು. ಅವುಗಳಿಂದ ಸತ್ತವರು ಕಡಿಮೆ, ದಿಕ್ಕೆಟ್ಟವರೇ ಹೆಚ್ಚು. ಸಂಖ್ಯೆಯಲ್ಲಿ ಮುಂದಿದ್ದ ನಾಡಪಡೆ ಕಾಲಿಗೆ ಬುದ್ಧಿ ಹೇಳಿತು. ರಸ್ತೆಗೆ ಅಡ್ಡಲಾಗಿ ತೋಪು ಹೂಡಿ ಕದಲದೆ ನಿಂತದ್ದು ನಾವಿಕರ ಒಂದು ತುಕಡಿ. ಅದರ ನಾಯಕ, ಈಗ ಐವತ್ತೈದು ವರ್ಷದ, ಅದೇ ಜೋಶುವಾ ಬಾರ್ನಿ! ಹೈದರನ ಹೆಸರಿನಲ್ಲಿ ಗೆದ್ದವನು, ಹೈದರ್-ಟಿಪ್ಪುವಿನ ಬಾಣದ ಮರಿಗಳೆದುರು ತೊಡೆಗೆ ಗುಂಡು ತಿಂದು ಸೆರೆಯಾದ. ಆ ರಾತ್ರಿ ರಾಜಧಾನಿ ಉರಿಯಿತು. ಮೂರು ವಾರಗಳ ಬಳಿಕ ಬಾಲ್ಟಿಮೋರ್‌ನ ಕೋಟೆಯ ಮೇಲೆ ಅಂಥವೇ ರಾಕೆಟ್ ಹಾರಿದ್ದನ್ನು ಫ್ರಾನ್ಸಿಸ್ ಸ್ಕಾಟ್ ಕೀ ಪದ್ಯವಾಗಿಸಿದ. 1931ರಲ್ಲಿ ಅದು ರಾಷ್ಟ್ರಗೀತೆಯಾಯಿತು.

ಇಷ್ಟಕ್ಕೆ ನಿಲ್ಲಿಸಿದರೆ ಸೊಗಸಾದ ಕತೆ. ಸೊಗಸಾದ ಕತೆಗಳ ಬಗ್ಗೆ ನನಗೆ ಸ್ವಲ್ಪ ಗುಮಾನಿ.

ಬಾರ್ನಿಯ ತೋಪೊಂದರ ಬಳಿ ಚಾರ್ಲ್ಸ್ ಬಾಲ್ ಎಂಬ ಕಪ್ಪು ನಾವಿಕನಿದ್ದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ಎದುರು ಪಾಳಯದಲ್ಲಿ, ಬ್ರಿಟಿಷರ ಕೆಂಪು ಅಂಗಿ ತೊಟ್ಟು, ಮೇರಿಲ್ಯಾಂಡ್ ಮತ್ತು ವರ್ಜೀನಿಯದ ಜಮೀನುಗಳಿಂದ ಓಡಿಬಂದ ಗುಲಾಮರೂ ಇದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಅಡ್ಮಿರಲ್ ಕಾಕ್ರೇನ್, ನಮ್ಮ ಕಡೆ ಬಂದವರಿಗೆ ಸೈನ್ಯದಲ್ಲಿ ಕೆಲಸ, ಇಲ್ಲವೇ ವಸಾಹತುಗಳಲ್ಲಿ ನೆಲೆ ಎಂದು ಸಾರಿದ್ದ. ಇಂಗ್ಲಿಷರಿಗೆ ಕರುಣೆ ಉಕ್ಕಿತ್ತು ಎಂದಲ್ಲ. ಅವರ ಸಕ್ಕರೆ ದ್ವೀಪಗಳಲ್ಲಿ ಗುಲಾಮಗಿರಿ ಆಗಲೂ ನಡೆದೇ ಇತ್ತು. ಆದರೂ ಆ ಯುದ್ಧದಲ್ಲಿ ಸುಮಾರು 4,000 ಜನ ಹಾಗೆ ಬಿಡುಗಡೆ ಪಡೆದರು. ಬ್ಲೇಡನ್ಸ್‌ಬರ್ಗ್ ಅಮೆರಿಕಕ್ಕೆ ಅವಮಾನ ಎನ್ನುವಾಗ, ಯಾವ ಅಮೆರಿಕಕ್ಕೆ ಎಂದು ಕೇಳಬೇಕಾದದ್ದು ಇಲ್ಲಿ. ನಿಮ್ಮ ಪ್ರಬಂಧಗಳ ಮುಂದೆ ನಾನಿಡುವ ಪ್ರಶ್ನೆಯೂ ಅದೇ.

ಬಾಲ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಹೇಳುತ್ತಾನೆ. ಒಬ್ಬ ಒಡತಿಯ ಗುಲಾಮರು ರಾತ್ರೋರಾತ್ರಿ ಬ್ರಿಟಿಷ್ ಹಡಗು ಸೇರಿಬಿಟ್ಟರು. ಅವರನ್ನು ಮರಳಿ ಬರುವಂತೆ ಒಪ್ಪಿಸಲು ಹೋದವರ ಜೊತೆ ಬಾಲ್ ಕೂಡ ಹಡಗು ಹತ್ತಿದ. ಅವರು ಒಪ್ಪಲಿಲ್ಲ. ನೀನೂ ನಮ್ಮೊಡನೆ ಟ್ರಿನಿಡಾಡಿಗೆ ಬಾ ಎಂದು ಅವನನ್ನೇ ಕರೆದರು. ಬಾಲ್ ಹೋಗಲಿಲ್ಲ, ಬಾರ್ನಿಯ ಪಡೆ ಸೇರಿ ತನ್ನ ದೇಶಕ್ಕಾಗಿ ಕಾದಾಡಿದ. 1830ರ ಸುಮಾರಿಗೆ ಅವನನ್ನು ಹಿಡಿದು, ಮತ್ತೆ ಗುಲಾಮನೆಂದು ಜಾರ್ಜಿಯಕ್ಕೆ ಸಾಗಿಸಿದರು.

ಮೊದಲ ಗೋಷ್ಠಿಯವರು ವೇದಿಕೆಗೆ ಬರಲಿ.